ಒಂದೇ ಲೋಟದ ಓರಗಿತ್ತಿಯರು

ಪ್ಲಾಸ್ಟಿಕ್ ಸಾಮಾನಿನ ಅಂಗಡಿಯವನು ಅವಳನ್ನು ಕಂಡರೆ ಗಲ್ಲಾ ಬಿಟ್ಟು ಎದ್ದುಬರುತ್ತಿದ್ದ. ವರ್ಷಕ್ಕೊಮ್ಮೆ ಬರುವ ಗಿರಾಕಿ. ಬಂದರೆ ಎರಡು ಚೀಲದ ತುಂಬ ಲೋಟ ಒಯ್ಯುವ ಗಿರಾಕಿ. ಮೊದಲ ಸಲ ಬಂದಾಗ, ಮನೆಯಲ್ಲಿ ಮದುವೆಯೇ ಎಂದು ವಿಚಾರಿಸಿದ್ದ. ಹೌದು, ಹುಡುಗ ಹುಡುಗಿ ಇಬ್ಬರೂ ಸ್ವಲ್ಪ ಕಪ್ಪು, ಕಾಲು ಮಾತ್ರ ಆರಾರು ಎಂದು ಅವಳು ಉತ್ತರ ಕೊಟ್ಟಿದ್ದಳು. ನಗಬೇಕೋ ರಿಯಾಯಿತಿ ಕೊಡಬೇಕೋ ತಿಳಿಯದೆ ಅವನು ಎರಡನ್ನೂ ಮಾಡಿದ. ಅಂದಿನಿಂದ ಆ ಬೀದಿಗೆಲ್ಲ ಅವಳು ಲೋಟದಕ್ಕ. ಮ್ಯೂಸಿಯಮ್ಮಿನ ಜೀಪ್ ಡ್ರೈವರ್ ಆ ಹೆಸರನ್ನು ಬೀದಿಯಿಂದ ಎತ್ತಿ ಆಫೀಸಿಗೆ ತಂದ. ಆಫೀಸಿನಿಂದ ಅದು ತಾನೇ ದಾರಿ ಕೇಳಿಕೊಂಡು ಮನೆಗೂ ಬಂತು. ಹುಳಗಳಿಗೆ ಹೆಸರಿಡುವುದೇ ಕಸುಬಾದವಳಿಗೆ ಹೆಸರಿಟ್ಟವನು ಲೋಟ ಮಾರುವವನು.

ಅವಳದು ಜೀರುಂಡೆಗಳನ್ನು ವಿಂಗಡಿಸುವ ಕೆಲಸ. ಎಲ್ಲ ಜೀರುಂಡೆಗಳನ್ನೂ ಅಲ್ಲ, ಕತ್ತಲೆಯಲ್ಲಿ ಓಡಾಡುವ, ಕತ್ತಲೆಯದೇ ಬಣ್ಣದ ಒಂದು ಮನೆತನವನ್ನು ಮಾತ್ರ. ಹಗಲೆಲ್ಲ ಕಲ್ಲಿನಡಿ, ಮರಳಿನೊಳಗೆ ಅಡಗಿದ್ದು, ಬಿಸಿಲು ಇಳಿದ ಮೇಲೆ ಹೊರಬಂದು ತರಗೆಲೆ, ಒಣಗಿದ ಕಡ್ಡಿ, ಸತ್ತ ಹುಳ, ಹೀಗೆ ಸಿಕ್ಕಿದ್ದನ್ನು ಗೊಣಗದೆ ತಿನ್ನುವ ಸಭ್ಯ ಜೀವಿಗಳು ಇವು. ಮರುಭೂಮಿಯಲ್ಲಿರುವವು ಬೆನ್ನ ಮೇಲಿನ ರೆಕ್ಕೆಯ ಮುಚ್ಚಳಗಳನ್ನು ಒಂದಕ್ಕೊಂದು ಬೆಸೆದು ಮೈಯನ್ನೇ ಡಬ್ಬಿ ಮಾಡಿಕೊಂಡಿವೆ. ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಅವು ಹಾರಲೂ ಆಗುವುದಿಲ್ಲ. ನೀರು ಉಳಿಸುವುದಕ್ಕಾಗಿ ಆಕಾಶವನ್ನು ಬಿಟ್ಟುಕೊಟ್ಟ ಮನೆತನ. ಹೆಣ್ಣನ್ನು ಕರೆಯಬೇಕಾದರೆ ಕೆಲವು ಗಂಡುಗಳು ಹೊಟ್ಟೆಯಿಂದ ನೆಲವನ್ನು ಟಕ್ ಟಕ್ ಎಂದು ಬಡಿಯುತ್ತವೆ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬೀಳುತ್ತವೆ. ಬಿದ್ದ ಜೀರುಂಡೆಯ ಮುಂದೆ ತಾಳ್ಮೆಯಿಂದ ಕೂತರೆ, ಮೊದಲು ಒಂದು ಮೀಸೆ ಅಲುಗುತ್ತದೆ, ಆಮೇಲೆ ಒಂದು ಕಾಲು. ಕೊನೆಗೆ ಏನೂ ಆಗಿಲ್ಲವೆಂಬಂತೆ ಎದ್ದು ನಡೆಯುತ್ತದೆ.

ಇವುಗಳನ್ನು ಹಿಡಿಯುವುದಕ್ಕೆ ಲೋಟ. ನೆಲದಲ್ಲಿ ಲೋಟವನ್ನು ಬಾಯಿಮಟ್ಟ ಹೂಳಬೇಕು. ಅಂಚು ಕೂದಲೆಳೆಯಷ್ಟು ಮೇಲಿದ್ದರೂ ಜೀರುಂಡೆ ಅದನ್ನು ಬಳಸಿ ಹೋಗುತ್ತದೆ. ಸಮವಾಗಿದ್ದರೆ ನಡೆಯುತ್ತ ನಡೆಯುತ್ತ ಒಳಗೆ ಬೀಳುತ್ತದೆ. ಮೇಲೊಂದು ಚಪ್ಪಟೆ ಕಲ್ಲಿನ ಚಾವಣಿ. ಬೆಳಗಿನ ಜಾವ ಹೋಗಿ ಕಲ್ಲು ಸರಿಸಿದರೆ, ರಾತ್ರಿ ಆ ದಾರಿಯಲ್ಲಿ ಯಾರ್ಯಾರು ಓಡಾಡಿದರು ಎಂಬುದು ಲೋಟದ ತಳದಲ್ಲಿ ಇರುತ್ತದೆ. ಡ್ರೈವರ್‌ಗೆ ಇದು ಎಷ್ಟು ವರ್ಷವಾದರೂ ಅರಗಲಿಲ್ಲ. ಜನ ನೆಲ ತೋಡಿ ನೀರು ತೆಗೆದು ಲೋಟಕ್ಕೆ ಹಾಕುತ್ತಾರೆ, ಅಕ್ಕ ನೆಲ ತೋಡಿ ನೆಲಕ್ಕೇ ಲೋಟ ಕುಡಿಸುತ್ತಾರೆ ಎಂದು ಅವನು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ.

ಈ ಕಪ್ಪು ಮನೆತನಕ್ಕೆ ಅವಳನ್ನು ಕೊಟ್ಟವರು ಮೇಷ್ಟ್ರು. ಓದು ಮುಗಿಸಿ ಮ್ಯೂಸಿಯಮ್ಮಿನ ಬಾಗಿಲು ತಟ್ಟಿದಾಗ ಅವಳಿಗೆ ಬೇಕಿದ್ದದ್ದು ಚಿಟ್ಟೆ. ಜೀರುಂಡೆ ವಿಭಾಗದ ಮೇಷ್ಟ್ರು ಮಾತಾಡದೆ ಗಾಜಿನ ಮುಚ್ಚಳದ ಪೆಟ್ಟಿಗೆಯೊಂದನ್ನು ಅವಳ ಮುಂದಿಟ್ಟರು. ಕಾನ್ವೆಂಟ್ ಹುಡುಗಿಯರು ಬೆಳಗಿನ ಅಸೆಂಬ್ಲಿಗೆ ನಿಂತಂತೆ ಒಂದೇ ಯೂನಿಫಾರ್ಮಿನ ಕಪ್ಪು ಹುಳಗಳು, ಸೂಜಿ ಚುಚ್ಚಿಸಿಕೊಂಡು ಸಾಲಾಗಿ.

"ಎಲ್ಲಾ ಒಂದೇ ಥರ ಇವೆ ಸರ್," ಎಂದಳು.

"ಹಾಗಾದ್ರೆ ನಾಳೆ ಬಾ. ನಾಳೆನೂ ಒಂದೇ ಥರ ಕಂಡ್ರೆ ಚಿಟ್ಟೆ ಕೊಡ್ತೀನಿ."

ಮಾರನೆಯ ದಿನ ನೋಡಿದಾಗ ಎರಡನೆಯ ಸಾಲಿನ ಮೂರನೆಯದರ ಭುಜ ಸ್ವಲ್ಪ ಇಳಿಜಾರಾಗಿ ಕಂಡಿತು. ಅದರ ಮಾರನೆಯ ದಿನ ಒಂದರ ಬೆನ್ನಿನ ಮೇಲೆ ಸೂಜಿಮೊನೆಯಂಥ ಗುಳಿಗಳು ಕಂಡವು. ಚಿಟ್ಟೆ ಅವಳಿಗೆ ಸಿಗಲೇ ಇಲ್ಲ. ಮೇಷ್ಟ್ರು ಅವಳಿಗೆ ಕಲಿಸಿದ್ದು ಬೇರೆ ಮಾಡುವುದನ್ನು. ಪೆಟ್ಟಿಗೆಯಲ್ಲಿ ಒಂದು ಪ್ರಭೇದ ಮುಗಿದು ಇನ್ನೊಂದು ಶುರುವಾಗುವ ಕಡೆ ಬಿಳಿಯ ಕಾಗದದ ಪಟ್ಟಿಯೊಂದನ್ನು ನಿಲ್ಲಿಸುವುದು ಅವರ ಪದ್ಧತಿ. ಅದಕ್ಕೆ ಅವರು ಗೋಡೆ ಎನ್ನುತ್ತಿದ್ದರು. ಗೋಡೆ ಎಲ್ಲಿ ಬೇಕು ಎಂದು ಗೊತ್ತಾದರೆ ಅರ್ಧ ವಿದ್ಯೆ ಬಂದಂತೆ ಎಂಬುದು ಅವರ ಮಾತು. ಉಳಿದರ್ಧ ಏನು ಎಂದು ಅವಳು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಮೇಷ್ಟ್ರಿಗೆ ಗೋಡೆಗಳ ಅನುಭವ ಮನೆಯಲ್ಲೂ ಇತ್ತು. ಅವರದು ಅಪ್ಪ ಕಟ್ಟಿಸಿದ ಉದ್ದನೆಯ ಮನೆ. ಅಣ್ಣ ತಮ್ಮ ಪಾಲಾದಾಗ ಹಾಲಿನ ಮಧ್ಯಕ್ಕೆ ಇಟ್ಟಿಗೆ ಗೋಡೆ ಬಂತು. ಒಂದೇ ಮನೆಗೆ ಎರಡು ಬಾಗಿಲು, ಎರಡು ಕರೆಗಂಟೆ. ಅಣ್ಣ ತಮ್ಮ ಬೀದಿಯಲ್ಲಿ ಸಿಕ್ಕಾಗ ಚೆನ್ನಾಗಿಯೇ ಮಾತಾಡುತ್ತಿದ್ದರು. ಮಾತು ಬಿಟ್ಟವರು ಹೆಂಡತಿಯರು. ಅದಕ್ಕೆ ಕಾರಣ ಮನೆ ಅಲ್ಲ, ಜೀರುಂಡೆ.

ಆ ಕಥೆ ಹೀಗೆ. ಮೇಷ್ಟ್ರು ಹರೆಯದಲ್ಲಿ ಒಂದು ಹೇಸರಗತ್ತೆಯ ಮೇಲೆ ಡೇರೆ ಹೇರಿಕೊಂಡು, ಮರುಭೂಮಿ ಮುಗಿಯುವಲ್ಲಿ ಏಳುವ ಬೆಟ್ಟಸಾಲನ್ನು ಆ ಪ್ರಾಣಿ ನಡೆದಷ್ಟು ದೂರ ಸುತ್ತಿದರು. ಒಂದು ಏಣಿನಿಂದ, ಅಂದರೆ ಬೆಟ್ಟದ ಒಂದು ಬೆನ್ನಿನಿಂದ, ಇನ್ನೊಂದಕ್ಕೆ ಹೋದಂತೆ ಹುಳ ಬೇರೆ ಕಂಡಿತು. ಒಂದರ ಕಾಲು ಉದ್ದ, ಒಂದರದು ಮೋಟು. ಒಂದರ ಬೆನ್ನು ನುಣುಪು, ಒಂದರದು ಗುಳಿ ಗುಳಿ. ತಿರುಗಿ ಬಂದು ಒಂದೇ ಪುಸ್ತಕದಲ್ಲಿ ಐದು ಹೊಸ ಪ್ರಭೇದಗಳನ್ನು ಪ್ರಕಟಿಸಿದರು. ಹೊಸ ಹುಳಕ್ಕೆ ಹೆಸರಿಡುವಾಗ ದೊಡ್ಡವರು ದೊಡ್ಡವರನ್ನು ನೆನೆಯುತ್ತಾರೆ. ಮೇಷ್ಟ್ರಿಗೆ ದೊಡ್ಡವರ ಪರಿಚಯವಿರಲಿಲ್ಲ. ಆದ್ದರಿಂದ ಮೊದಲನೆಯದಕ್ಕೆ ಆಗಿನ್ನೂ ಕೂಡಿದ್ದ ಮನೆಯಲ್ಲಿ ಎಲ್ಲರಿಗೂ ಬೇಯಿಸಿ ಹಾಕುತ್ತಿದ್ದ ಅತ್ತಿಗೆಯ ಹೆಸರಿಟ್ಟರು. ಎರಡನೆಯದಕ್ಕೆ, ಮದುವೆಯಾದ ವರ್ಷವೇ ಗಂಡನನ್ನು ಬೆಟ್ಟಕ್ಕೆ ಬಿಟ್ಟುಕೊಟ್ಟ ಹೆಂಡತಿಯ ಹೆಸರು. ಮೂರನೆಯದು ತನ್ನ ಮಾಳಿಗೆಯ ಮೇಲೆ ಹುಳ ಒಣಗಿಸಲು ಬಿಟ್ಟ ಪಕ್ಕದ ಮನೆಯವನದು. ನಾಲ್ಕನೆಯದು ಕಣಿವೆಯಲ್ಲಿ ಜಾರಿ ಮುರಿದ ಕಾಲನ್ನು ಕೂಡಿಸಿದ ಡಾಕ್ಟರದು. ಐದನೆಯದು ಹೇಸರಗತ್ತೆಯದು.

ಹೆಂಡತಿ ಮೊದಲು ಹಿಗ್ಗಿದರು. ತಮ್ಮ ಜೀರುಂಡೆಯ ಚಿತ್ರಕ್ಕೆ ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿ, ಬಂದವರಿಗೆಲ್ಲ "ಇದು ನಾನು" ಎಂದು ತೋರಿಸಿದರು. ಆಮೇಲೆ ಯಾರೋ ಪುಸ್ತಕ ತಿರುವಿ, ಓರಗಿತ್ತಿಯದು ಮೊದಲ ಪುಟ, ನಿಮ್ಮದು ಅದರ ನಂತರದ್ದು ಎಂದರು. ಪಶ್ಚಿಮದಿಂದ ಹತ್ತಿದರೆ ಅತ್ತಿಗೆಯ ಗುಡ್ಡ ಮೊದಲು ಸಿಗುತ್ತದೆ, ಅದಕ್ಕೆ ನಾನೇನು ಮಾಡಲಿ ಎಂದು ಮೇಷ್ಟ್ರು ಭೂಗೋಳ ಹೇಳಿದರು. ಭೂಗೋಳದಿಂದ ಯಾವ ಸಂಸಾರವೂ ಉದ್ಧಾರವಾಗಿಲ್ಲ. ಅತ್ತ ಓರಗಿತ್ತಿಯೂ ಚಿತ್ರಕ್ಕೆ ಕಟ್ಟು ಹಾಕಿಸಿದರು, ಒಂದು ಬೆರಳು ಅಗಲ ಹೆಚ್ಚು. ಗೋಡೆಯ ಆ ಬದಿಗೊಂದು ಜೀರುಂಡೆ, ಈ ಬದಿಗೊಂದು ಜೀರುಂಡೆ, ನಡುವೆ ಮೂವತ್ತು ಚಿಲ್ಲರೆ ವರ್ಷದ ಮೌನ.

ಮೇಷ್ಟ್ರು ನಿವೃತ್ತರಾದ ಮೇಲೆ ಅವರ ಬೀರುಗಳು ಲೋಟದಕ್ಕನ ಪಾಲಿಗೆ ಬಂದವು. ಒಂದು ಬೀರುವಿನ ಕೀಲಿ ಅದಕ್ಕೂ ಹಿಂದೆಯೇ ಕಳೆದಿತ್ತು. ಆಗ ಅದನ್ನು ತೆಗೆಯಲು ಬಂದ ಬೀಗದ ಅಂಗಡಿಯವನನ್ನೇ ಅವಳು ಮದುವೆಯಾಗಿದ್ದಳು. ಬೀಗದವನ ಕಡೆಯವರು ಬೀಗರಾಗಿ ಬೀಗದೆ ಇದ್ದದ್ದು ತನ್ನ ಪುಣ್ಯ ಎಂದು ಅವಳು ಹೇಳುವುದುಂಟು. ಗಂಡನ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿ. ಸಂಜೆ ಅವಳು ಅಲ್ಲಿ ಸ್ಟೂಲಿನ ಮೇಲೆ ಕೂತು ಟೀ ಕುಡಿದು, ಇಬ್ಬರೂ ಕೂಡಿ ಮನೆಗೆ ಹೋಗುವುದು ರೂಢಿ. ಹೆಂಡತಿಯ ಕಸುಬಿನಲ್ಲಿ ಗಂಡನಿಗೆ ತುಂಬ ಹಿಡಿಸಿದ್ದು ಒಂದೇ ಸಂಗತಿ: ಹೊರಗೆ ಒಂದೇ ಥರ ಕಾಣುವ ಜೀರುಂಡೆಗಳು ಬೇರೆಯೋ ಅಲ್ಲವೋ ಎಂದು ತಿಳಿಯಲು, ಗಂಡಿನ ಹೊಟ್ಟೆಯ ತುದಿಯಲ್ಲಿ ಅಡಗಿರುವ, ಸಂಸಾರಕ್ಕೆ ಬೇಕಾದ ಪುಟ್ಟ ಅಂಗವನ್ನು ತೆಗೆದು ನೋಡುತ್ತಾರೆ ಎಂಬುದು. ಪ್ರತಿ ಪ್ರಭೇದಕ್ಕೂ ಅದರ ಆಕಾರ ಬೇರೆ, ಕೀಲಿಯ ಹಲ್ಲಿನ ಹಾಗೆ. ಹಾಗಾದರೆ ನಿನ್ನದೂ ನನ್ನದೂ ಒಂದೇ ಇಲಾಖೆ ಎಂದು ಅವನು ಗಿರಾಕಿಗಳ ಮುಂದೆಯೇ ಹೇಳಿ ಅವಳ ಕಿವಿ ಕೆಂಪಾಗಿಸುತ್ತಿದ್ದ.

ಮರುಭೂಮಿ ಮತ್ತು ಬೆಟ್ಟದ ಜೀರುಂಡೆಗಳ ಸಮೀಕ್ಷೆ ಹೊಸದಾಗಿ ಆಗಬೇಕೆಂದು ಮ್ಯೂಸಿಯಮ್ಮು ತೀರ್ಮಾನಿಸಿದಾಗ, ಲೋಟದಕ್ಕ ಮೊದಲು ಮಾಡಿದ ಕೆಲಸ ಮೇಷ್ಟ್ರ ಹುಳಗಳು ಎಲ್ಲೆಲ್ಲಿ ಸಿಕ್ಕವೆಂದು ನಕ್ಷೆಯ ಮೇಲೆ ಗುರುತು ಹಾಕಿದ್ದು. ಪ್ರತಿ ಹುಳದ ಸೂಜಿಯಲ್ಲೂ ಅದರ ಊರು ಬರೆದ ಚೀಟಿ ಇರುತ್ತದೆ. ಗುರುತು ಹಾಕಿ ಮುಗಿಸಿ ನೋಡಿದರೆ ಬೆಟ್ಟಸಾಲಿನುದ್ದಕ್ಕೂ ಐದು ಚುಕ್ಕೆಗುಂಪು, ನಡುವೆಲ್ಲ ಖಾಲಿ. ಕಾರಣ ಹೊಳೆಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಐದೂ ಜಾಗದಲ್ಲಿ ಚಿಲುಮೆ ಇತ್ತು. ಹೇಸರಗತ್ತೆ ನೀರು ಕಂಡಲ್ಲಿ ನಿಂತಿತು. ಅದು ನಿಂತಲ್ಲಿ ಮೇಷ್ಟ್ರು ಡೇರೆ ಹಾಕಿದರು. ಡೇರೆಯ ಸುತ್ತ ಹುಳ ಹಿಡಿದರು. ಎರಡು ಡೇರೆಗಳ ನಡುವಿನ ಇಳಿಜಾರು, ಕಣಿವೆ, ಕಲ್ಲುಕುಪ್ಪೆಗಳಲ್ಲಿ ಏನಿತ್ತು ಎಂಬುದನ್ನು ಯಾರೂ ನೋಡಿರಲಿಲ್ಲ. ಅಲ್ಲಿ ನಿಲ್ಲಲು ಹೇಸರಗತ್ತೆ ಒಪ್ಪಿರಲಿಲ್ಲ.

ಅವಳು ಲೋಟ ಹೂಳಿದ್ದು ಆ ಖಾಲಿ ಜಾಗಗಳಲ್ಲಿ. ಮರಳುಗಾಡಿನ ಅಂಚಿನಿಂದ ಶುರುಮಾಡಿ, ಇಳಿಜಾರು ಹತ್ತಿ, ಏಣು ದಾಟಿ, ಕಣಿವೆಗೆ ಇಳಿದು, ಮತ್ತೆ ಹತ್ತಿ, ಜೀಪು ಬಿಟ್ಟ ಕಡೆಯಿಂದ ನಡೆದು, ಬಟ್ಟೆಗೆ ಗುಂಡಿ ಹೊಲಿದ ಹಾಗೆ ಸಾಲಾಗಿ. ಬೆಳಗಿನ ಜಾವ ಒಂದೊಂದೇ ಕಲ್ಲು ಸರಿಸುತ್ತ ಹೋದಳು. ಕೆಳಗಿನ ಲೋಟದಲ್ಲಿ ಉದ್ದ ಕಾಲಿನವು. ಅದರ ಮೇಲಿನದರಲ್ಲಿ ಸ್ವಲ್ಪ ಕಡಿಮೆ ಉದ್ದದವು. ಅದಕ್ಕೂ ಮೇಲೆ ಇನ್ನೂ ಸ್ವಲ್ಪ. ಬಿಸಿ ಮರಳಿನಿಂದ ಮೈ ಎತ್ತಿ ನಡೆಯಬೇಕಾದಲ್ಲಿ ಕಾಲು ಉದ್ದ, ತಂಪು ಕಲ್ಲಿನ ಸಂದಿಗೆ ನುಸುಳಬೇಕಾದಲ್ಲಿ ಮೋಟು. ಬೆನ್ನಿನ ಗುಳಿಗಳೂ ಹಾಗೆಯೇ ಹೆಚ್ಚುತ್ತ, ತಗ್ಗುತ್ತ. ಎಲ್ಲಿಯೂ ಇಲ್ಲಿಗೆ ಇದು ಮುಗಿಯಿತು, ಇಲ್ಲಿಂದ ಅದು ಶುರುವಾಯಿತು ಎನ್ನುವಂತಿರಲಿಲ್ಲ. ಮೇಷ್ಟ್ರು ಕಾಲು ಮುರಿದುಕೊಂಡ ಕಣಿವೆಯಲ್ಲಿ, ಒಂದೇ ಲೋಟದ ತಳದಲ್ಲಿ, ಅತ್ತಿಗೆಯ ಹುಳದಂಥದೂ ಹೆಂಡತಿಯ ಹುಳದಂಥದೂ ಗಂಡುಹೆಣ್ಣಾಗಿ ಬೆನ್ನೇರಿ ಕೂತಿದ್ದವು. ಲೋಟದಕ್ಕ ಕಲ್ಲಿನ ಮೇಲೆ ಕುಕ್ಕರಿಸಿದಳು.

"ಏನಕ್ಕ, ಚೇಳು ಬಿದ್ದಿದ್ಯಾ?" ಎಂದು ಡ್ರೈವರ್ ದೂರದಿಂದಲೇ ಕೇಳಿದ.

"ಚೇಳಾಗಿದ್ರೆ ಚೆನ್ನಾಗಿತ್ತು," ಎಂದಳು.

ಮ್ಯೂಸಿಯಮ್ಮಿಗೆ ಬಂದು ಒಳ ಅಂಗಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಐದೂ ಕಡೆಯವಕ್ಕೆ ಒಂದೇ ಕೀಲಿ. ಐದು ಪ್ರಭೇದ ಇರಲಿಲ್ಲ, ಇದ್ದದ್ದು ಒಂದು. ಉಳಿದ ನಾಲ್ಕು ಹೆಸರು ಮುಳುಗಬೇಕು. ಅವಳ ಕಸುಬಿನಲ್ಲಿ ಹಾಗೆಯೇ ಹೇಳುವುದು, ಹೆಸರು ಮುಳುಗಿಸುವುದು ಎಂದು. ಮುಳುಗಿಸುವ ಮುನ್ನ, ಹೆಸರಿಟ್ಟವರು ಬದುಕಿದ್ದರೆ, ಅವರಿಗೆ ತಿಳಿಸುವುದು ಮರ್ಯಾದೆ. ಕಾನೂನಲ್ಲ, ಆದರೆ ಅದನ್ನು ಮೀರಿದವರ ಜೊತೆ ಯಾರೂ ಪೆಟ್ಟಿಗೆ ಹಂಚಿಕೊಳ್ಳುವುದಿಲ್ಲ.

ಮೇಷ್ಟ್ರು ಬದುಕಿನಲ್ಲಿ ಇಟ್ಟ ಹೆಸರುಗಳು ಆ ಐದೇ. ಅವರಿಗೆ ಮಕ್ಕಳಿರಲಿಲ್ಲ.

ಜೀರುಂಡೆಗಳಿಂದ ಕಲಿತದ್ದನ್ನು ಲೋಟದಕ್ಕ ಆಗ ಮಾಡಿದಳು: ಕಾಲು ಮಡಚಿ ಸತ್ತಂತೆ ಬಿದ್ದುಕೊಂಡಳು. ವಾರ ವಾರವೂ ಮೇಷ್ಟ್ರ ಮನೆಗೆ ಹೋಗುವ ರೂಢಿ ತಪ್ಪಿತು. ಇವತ್ತು ತಲೆನೋವು, ನಾಳೆ ಮೀಟಿಂಗು. ಬರೆಯಬೇಕಾದ ಲೇಖನ ಮೊದಲ ವಾಕ್ಯದಲ್ಲೇ ಕೂತಿತ್ತು. ಇನ್ನಷ್ಟು ಲೋಟ ಹೂತು ನೋಡಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಸುಳ್ಳು ಎಂದೂ ಗೊತ್ತಿತ್ತು. ನಂಬದೆ ಇರುವ ನೆವವನ್ನು ನಾಲ್ಕು ಸಲ ಹೇಳಿದರೆ ಅದು ಕಾರಣವಾಗಿಬಿಡುತ್ತದೆ. ಒಂದು ಸಂಜೆ ಅಂಗಡಿಯಲ್ಲಿ ಟೀ ಆರಿಹೋಗುವವರೆಗೂ ಅವಳು ಲೋಟವನ್ನೇ ನೋಡುತ್ತ ಕೂತಾಗ, ಗಂಡ ಅರ ಕೆಳಗಿಟ್ಟು ಏನು ವಿಷಯ ಎಂದ. ಅವಳು ಎಲ್ಲವನ್ನೂ ಹೇಳಿದಳು.

"ನೀನು ಹೇಳದೆ ಇದ್ರೆ ಏನಾಗುತ್ತೆ?"

"ಇನ್ನು ಹತ್ತು ವರ್ಷಕ್ಕೆ ಯಾರೋ ಒಬ್ಬರು ಅದೇ ಕಣಿವೆಗೆ ಹೋಗ್ತಾರೆ. ಅವರು ಬರೀತಾರೆ. ನಾಲ್ಕು ಸಾಲು, ಅದರಲ್ಲಿ ಎರಡು ಸಾಲು ಗೇಲಿ."

ಗಂಡ ಎದುರಿನ ಮೊಳೆಯಿಂದ ಒಂದು ಹಳೆಯ ಕೀಲಿ ತೆಗೆದು ಒರೆಸಿ ಮತ್ತೆ ಅಲ್ಲಿಗೇ ಹಾಕಿದ. "ನೋಡು, ಮನೆಯವರು ಕರೆದ್ರೆ ನಾನು ಹೋಗಿ ಬೀಗ ತೆಗೀತೀನಿ. ಕರೀದೆ ಬರೋನು ಬೀಗ ಒಡೀತಾನೆ. ಎರಡರಲ್ಲೂ ಬಾಗಿಲು ತೆರೆಯುತ್ತೆ ಕಣೇ. ಆದ್ರೆ ಒಡೆದ ಮೇಲೆ ಬಾಗಿಲು ಮೊದಲಿನ ಹಾಗೆ ಮುಚ್ಚಲ್ಲ."

"ನನ್ನ ಯಾರೂ ಕರೆದಿಲ್ಲವಲ್ಲ."

"ಮೂರು ಸಲ ಮೇಷ್ಟ್ರು ಅಂಗಡಿಗೆ ಫೋನ್ ಮಾಡಿದ್ರು. ಯಾಕೆ ಬರ್ತಿಲ್ಲ ಅಂತ ಕೇಳಿದ್ರು. ಅದು ಕರೆಯೋದಲ್ದೆ ಮತ್ತೇನು."

ಅವಳು ಹೋಗುವಾಗ ಬಾಯಿಪಾಠ ಮಾಡಿದ್ದ ಮಾತುಗಳನ್ನು ಒಯ್ಯಲಿಲ್ಲ. ಒಂದು ಪೆಟ್ಟಿಗೆ ಒಯ್ದಳು. ಅದರಲ್ಲಿ ಮರಳಿನ ಅಂಚಿನಿಂದ ತಾನು ಹತ್ತಿದ ಕೊನೆಯ ಏಣಿನವರೆಗಿನ ಹುಳಗಳನ್ನು, ಲೋಟ ಹೂತ ಕ್ರಮದಲ್ಲೇ, ಒಂದರ ಪಕ್ಕ ಒಂದು ನಿಲ್ಲಿಸಿದ್ದಳು. ಗೋಡೆ ಒಂದೂ ಇರಲಿಲ್ಲ. ಬಾಗಿಲು ತೆರೆದ ಮೇಷ್ಟ್ರ ಹೆಂಡತಿ, ದಾರಿ ಮರೆತಿತ್ತೇನಮ್ಮ ಎಂದು ಚುಚ್ಚಿ ಒಳಗೆ ಕರೆದರು. ಅವರು ಟೀ ತರಲು ಹೋದಾಗ ವಿಷಯ ಎತ್ತಬೇಕೆಂದುಕೊಂಡಿದ್ದಳು. ಟೀ ಆಗಲೇ ಫ್ಲಾಸ್ಕಿನಲ್ಲಿತ್ತು. ಅವರು ಎದುರಿಗೇ ಕೂತರು, ನೆತ್ತಿಯ ಮೇಲೆ ಕಟ್ಟು ಹಾಕಿದ ಜೀರುಂಡೆ.

ಮೇಷ್ಟ್ರು ನೋಯುವ ಮಂಡಿಯನ್ನು ಬಿಳಿಯ ದಿಂಬಿನ ಮೇಲೆ ನೀಡಿ ಆರಾಮಕುರ್ಚಿಯಲ್ಲಿದ್ದರು. ಪೆಟ್ಟಿಗೆ ಕಂಡದ್ದೇ ಕೈ ಚಾಚಿದರು.

"ಸರ್, ಇದಕ್ಕೆ ಗೋಡೆ ಹಾಕಿಕೊಡಿ," ಎಂದಳು. ಅಷ್ಟೇ ಅವಳಿಗೆ ಆದದ್ದು.

ಅವರು ಕಿಸೆಯಿಂದ ಭೂತಗನ್ನಡಿ ತೆಗೆದರು. ಅವರ ಕಿಸೆಯಲ್ಲಿ ಬಿಳಿಯ ಕಾಗದದ ಪಟ್ಟಿಗಳೂ ಇನ್ನೂ ಇದ್ದವು, ಕೆಲವರ ಕಿಸೆಯಲ್ಲಿ ಲವಂಗ ಇರುವ ಹಾಗೆ. ಎಡದಿಂದ ನೋಡುತ್ತ ಬಂದು ಒಂದು ಕಡೆ ಪಟ್ಟಿ ನಿಲ್ಲಿಸಿದರು. ಅದರ ಎರಡೂ ಬದಿಯ ಹುಳಗಳನ್ನು ಮತ್ತೆ ನೋಡಿದರು. ಪಟ್ಟಿಯನ್ನು ಎತ್ತಿ ಎರಡು ಹುಳದಾಚೆ ಇಟ್ಟರು. ಅಲ್ಲಿಂದಲೂ ಎತ್ತಿದರು. ಮತ್ತೆ ಹಿಂದಕ್ಕೆ ಬಂದರು. ಗೋಡೆಯಾಚೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಕೊನೆಗೆ ಅವರು ಬಲತುದಿಯಿಂದ ಶುರುಮಾಡಿ ಎಡಕ್ಕೆ ಬಂದರು, ಬೇರೆ ದಿಕ್ಕಿನಿಂದ ಬಂದರೆ ಹುಳ ಬೇರೆಯಾದೀತೇನೋ ಎಂಬಂತೆ. ಕಾಗದದ ಪಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ಆಮೇಲೆ ಅದನ್ನು ಮಡಚಿ ಕಿಸೆಗೆ ಹಾಕಿಕೊಂಡರು.

"ಒಳಗೆ ನೋಡಿದ್ಯಾ?"

"ನೋಡಿದೆ ಸರ್."

"ಎಲ್ಲಾ?"

"ಎಲ್ಲಾ ಒಂದೇ ಸರ್."

"ಇದನ್ನೇ ನೀನು ಮೊದಲನೇ ದಿನ ಹೇಳಿದ್ದೆ," ಎಂದು ಮೇಷ್ಟ್ರು ಕಣ್ಣು ಮುಚ್ಚಿದರು. "ಸುಮ್ನೆ ಮೂವತ್ತು ವರ್ಷ ಕಲಿಸಿದೆ ನಿನಗೆ."

ಮುಚ್ಚಿದ ಕಣ್ಣು ತೆರೆಯಲಿಲ್ಲ. ಕೈಗಳನ್ನು ಎದೆಯ ಮೇಲೆ ಮಡಚಿಕೊಂಡಿದ್ದರು. ಲೋಟದಕ್ಕನಿಗೆ ಎದ್ದು ಅವರ ಕಾಲು ಹಿಡಿಯಬೇಕೆನಿಸಿತು, ಓಡಿಹೋಗಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಬಿದ್ದ ಜೀರುಂಡೆಯ ಮುಂದೆ ಕೂರುವಂತೆ ಕೂತಳು.

ಹೆಂಡತಿಗೆ ತಡೆಯಲಾಗಲಿಲ್ಲ. ಏನಾಯಿತು, ಯಾರಿಗೆ ಏನಾಯಿತು ಎಂದು ಕೇಳಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ನೀನೂ ಅತ್ತಿಗೆಯೂ ಒಂದೇ ಹುಳ ಕಣೇ."

ಆಕೆ ತಲೆ ಎತ್ತಿ ಚಿತ್ರ ನೋಡಿದರು; ಆಮೇಲೆ ಗೋಡೆ ನೋಡಿದರು. "ಅವಳೂ ನಾನೂ?"

"ಪಕ್ಕದ ಮನೆಯವನೂ. ಡಾಕ್ಟರೂ. ಹೇಸರಗತ್ತೆಯೂ."

"ಹಾಗಾದ್ರೆ ಹೆಸರು? ಮೊದಲ ಪುಟದ್ದು ಉಳಿಯುತ್ತೆ ಅನ್ನಿ," ಎಂದರು ಆಕೆ, ಸೋಲಿಗೆ ಸಿದ್ಧವಾದ ದನಿಯಲ್ಲಿ.

ಲೋಟದಕ್ಕ ಬಾಯಿ ಬಿಡಬೇಕಾಯಿತು. ಹಾಗೇನೂ ಇಲ್ಲ, ಎಲ್ಲ ಹೆಸರೂ ಒಂದೇ ದಿನ, ಒಂದೇ ಪುಸ್ತಕದಲ್ಲಿ ಬಂದಿರುವುದರಿಂದ ಮೊದಲ ಪುಟ, ಎರಡನೆಯ ಪುಟ ಎಂಬ ಲೆಕ್ಕಕ್ಕೆ ಬೆಲೆಯಿಲ್ಲ, ಇವನ್ನು ಒಂದು ಮಾಡುವ ಮೊದಲಿಗರು ಯಾವುದನ್ನು ಆರಿಸುತ್ತಾರೋ ಅದು ಉಳಿಯುತ್ತದೆ ಎಂದು ವಿವರಿಸಿದಳು.

"ಪುಟಕ್ಕೆ ಬೆಲೆ ಇಲ್ವಾ?"

"ಇಲ್ಲಮ್ಮ."

"ಯಾವತ್ತೂ ಇರ್ಲಿಲ್ವಾ?"

"ಯಾವತ್ತೂ ಇರ್ಲಿಲ್ಲ."

ಆಕೆ ಗಂಡನ ಕಡೆ ತಿರುಗಿದರು. ಇಷ್ಟು ವರ್ಷ ಇದನ್ನು ಹೇಳಬಾರದಿತ್ತೇ ಎಂದು ಕೇಳಿದರು. ಹೇಳಲು ಹೋದಾಗಲೆಲ್ಲ ಪಾತ್ರೆ ಬೀಳುತ್ತಿತ್ತು ಎಂದರು ಮೇಷ್ಟ್ರು. ಅವರ ಒಂದು ಕಣ್ಣು ಅರ್ಧ ತೆರೆದಿತ್ತು. ಆರಿಸುವವಳು ನೀನು, ನಾನು ಹೇಳುವ ಹಾಗಿಲ್ಲ, ಹೇಳಿದರೂ ನೀನು ಕೇಳುವ ಹಾಗಿಲ್ಲ ಎಂದು ಲೋಟದಕ್ಕನಿಗೆ ಹೇಳಿ ಅದನ್ನೂ ಮುಚ್ಚಿಕೊಂಡರು.

ಅವಳು ಮನಸ್ಸಿನಲ್ಲಿ ಆರಿಸಿಟ್ಟುಕೊಂಡು ಬಂದಿದ್ದದ್ದು ಹೆಂಡತಿಯ ಹೆಸರನ್ನೇ. ಇಷ್ಟಾದರೂ ಮೇಷ್ಟ್ರಿಗೆ ಉಳಿಯಲಿ ಎಂದು. ಆದರೆ ಆಕೆ ಸೆರಗಿನಿಂದ ಚಿತ್ರದ ಗಾಜು ಒರೆಸುತ್ತ, ಬೆನ್ನು ತಿರುಗಿಸಿಕೊಂಡೇ, ನನ್ನದು ಬೇಡ ಎಂದರು. "ನನ್ನದು ಉಳಿದ್ರೆ ಅವಳು ಗೋಡೆ ಮೇಲೆ ಇನ್ನೊಂದು ಸಾಲು ಇಟ್ಟಿಗೆ ಇಡಿಸ್ತಾಳೆ. ಅವಳದಂತೂ ಬೇಡವೇ ಬೇಡ, ನಾನು ಬದುಕಿರೋವರೆಗೆ. ಡಾಕ್ಟರು ಕಾಲು ಸೊಟ್ಟ ಕೂಡಿಸಿದ. ಪಕ್ಕದ ಮನೆಯವನು ಮಾಳಿಗೆ ಕೊಟ್ಟು ವರ್ಷವಿಡೀ ಆಡಿ ತೋರಿಸಿದ." ಗಾಜಿನ ಕೊನೆಯ ಮೂಲೆ ಒರೆಸಿ, "ಆ ಪ್ರಾಣಿ ಪಾಪ, ಹೊತ್ತಿದ್ದು ಬಿಟ್ರೆ ಏನೂ ಕೇಳಲಿಲ್ಲ," ಎಂದರು.

ಲೋಟದಕ್ಕ ಸುಮ್ಮನೆ ಒಪ್ಪಿಕೊಳ್ಳುವವಳಲ್ಲ. ಪ್ರತಿ ಹೆಸರಿಗೂ ಮೂಲವೆಂದು ಕೆಂಪು ಚೀಟಿ ಹಚ್ಚಿ ಇಟ್ಟ ಒಂದು ಹುಳ ಇರುತ್ತದೆ. ಹೆಸರು ಕೊನೆಗೂ ನಿಲ್ಲುವುದು ಆ ಹುಳದ ಮೇಲೆ. ಮ್ಯೂಸಿಯಮ್ಮಿಗೆ ಹೋಗಿ ಐದನ್ನೂ ಹೊರತೆಗೆದಳು. ಅತ್ತಿಗೆಯದರ ತಲೆ ಎಂದೋ ಉದುರಿತ್ತು. ಹೆಂಡತಿಯದಕ್ಕೆ ಮೂರೇ ಕಾಲು. ಡಾಕ್ಟರದು ಹೆಣ್ಣು, ಕೀಲಿ ನೋಡುವಂತಿಲ್ಲ. ಪಕ್ಕದ ಮನೆಯವನದನ್ನು ಒಳಗಿಂದ ಹುಳುಗಳೇ ತಿಂದಿದ್ದವು. ಹೇಸರಗತ್ತೆಯದು ಮೀಸೆಯಿಂದ ಉಗುರಿನವರೆಗೆ ಅಖಂಡ, ಮೇಲಾಗಿ ಗಂಡು. ಹೀಗೆ ಹೆಸರು ಉಳಿದದ್ದು ಹೇಸರಗತ್ತೆಯದು, ಅದೂ ಯಾರ ಶಿಫಾರಸೂ ಇಲ್ಲದೆ, ಕಸುಬಿನ ಲೆಕ್ಕದಲ್ಲೇ.

ಲೇಖನ ಅಚ್ಚಾದ ದಿನ ಪ್ರತಿ ಹಿಡಿದು ಹೋದಳು. ಉಳಿದ ಹೆಸರಿನ ಕೆಳಗೆ ಮುಳುಗಿದ ನಾಲ್ಕೂ ಹೆಸರು ಸಾಲಾಗಿ ಇರುವುದನ್ನು ಮೇಷ್ಟ್ರ ಹೆಂಡತಿಗೆ ತೋರಿಸಿದಳು. ಮುಳುಗಿದವು ಅಳಿಸಿಹೋಗುವುದಿಲ್ಲ, ಮುಂದೆ ಯಾರು ಈ ಹುಳದ ಪೂರ್ವಾಪರ ಬರೆದರೂ ಇವೆಲ್ಲವನ್ನೂ ಕೆಳಗೆ ಬರೆಯಲೇಬೇಕು, ಈ ಕುಲದಲ್ಲಿ ಆ ಹೆಸರನ್ನು ಬೇರೆ ಯಾವ ಹೊಸ ಹುಳಕ್ಕೂ ಕೊಡುವ ಹಾಗಿಲ್ಲ ಎಂದಳು. ಆಕೆ ಕನ್ನಡಕ ಏರಿಸಿ ಓದಿದರು. ಮೇಲೆ ಹೇಸರಗತ್ತೆ, ಕೆಳಗೆ ತಾವೂ ಓರಗಿತ್ತಿಯೂ ಒಂದೇ ಸಾಲಿನಲ್ಲಿ, ನಡುವೆ ಒಂದು ಅಲ್ಪವಿರಾಮ.

ಬಹಳ ಹೊತ್ತು ಓದಿದರು. ಆಮೇಲೆ ಎದ್ದು ಹೋಗಿ, ಬೆರಳ ಗೆಣ್ಣಿನಿಂದ ಹಾಲಿನ ಗೋಡೆಯನ್ನು ಬಡಿದರು.

ಆಚೆ ಪಾತ್ರೆಯ ಸದ್ದು ನಿಂತಿತು. ಆಕೆ ಮತ್ತೆ ಬಡಿದರು. ಆ ಬದಿಯಿಂದ ಒಂದು ಟಕ್.

"ಅಕ್ಕಾ, ನಾವಿಬ್ಬರೂ ಮುಳುಗಿದ್ವಂತೆ," ಎಂದು ಗೋಡೆಗೆ ಹೇಳಿದರು.

ಅವತ್ತು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಓರಗಿತ್ತಿಯರು ಆಡಿದ್ದು ಮಾತು ಎನ್ನುವ ಹಾಗಿರಲಿಲ್ಲ. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಯಾರ ಚಿತ್ರದ ಕಟ್ಟು ಯಾಕೆ ಒಂದು ಬೆರಳು ಅಗಲ ಎಂಬಲ್ಲಿಗೆ ಬಂದಿದ್ದರು. ಆದರೂ ಮಾತು ಬಿಟ್ಟವರು ಜಗಳಕ್ಕೆ ಬಂದರಲ್ಲ, ಅದು ಏಳಿಗೆಯೇ. ಮೇಷ್ಟ್ರು ಮಾತ್ರ ಆ ಲೇಖನವನ್ನು ಮುಟ್ಟಲಿಲ್ಲ. ಚೆನ್ನಾಗಿ ಬಂದಿದೆಯಂತೆ ಎಂದು ಇನ್ನಾರದೋ ಮಗುವಿನ ಬಗ್ಗೆ ಹೇಳುವಂತೆ ಹೇಳಿದರು. ಲೋಟದಕ್ಕ ಆ ದಿನ ಅಂಗಡಿಯಲ್ಲಿ ಟೀ ಕುಡಿಯದೆ ಮನೆಗೆ ಹೋದಳು.

ಪೆಟ್ಟಿಗೆಗಳಲ್ಲಿ ಇನ್ನೂ ಗೋಡೆಗಳಿದ್ದವು. ಹೆಸರು ಒಂದಾದ ಮೇಲೆ ಹುಳಗಳನ್ನೂ ಒಂದಾಗಿ ಜೋಡಿಸಬೇಕು. ಅದನ್ನು ಅವಳು ಮುಂದೂಡುತ್ತಲೇ ಇದ್ದಳು. ಮೇಷ್ಟ್ರು ಕೈಯಾರೆ ಕತ್ತರಿಸಿ ನಿಲ್ಲಿಸಿದ ಕಾಗದ, ಅಂಚು ಹಳದಿಯಾಗಿತ್ತು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿತು. ಮೇಷ್ಟ್ರು ಒಳಗೆ ಬಂದು ತಮ್ಮ ಹಳೆಯ ಕುರ್ಚಿಯ ಧೂಳು ಊದಿ ಕೂತರು.

"ತೆಗಿ ಪೆಟ್ಟಿಗೆ. ಕಟ್ಟಿದವನೇ ಕೆಡವಬೇಕು."

ಚಿಮಟದಿಂದ ಒಂದೊಂದೇ ಪಟ್ಟಿಯನ್ನು ಎತ್ತಿ ಬದಿಗಿಟ್ಟರು. ಹುಳಗಳನ್ನು ಸೂಜಿ ಹಿಡಿದು ಹತ್ತಿರ ಹತ್ತಿರ ಸರಿಸಿದರು. ಅವಳು ಸಹಾಯಕ್ಕೆ ಕೈ ಚಾಚಲಿಲ್ಲ. ಕೆಲಸ ಮುಗಿದಾಗ ಪೆಟ್ಟಿಗೆಯ ಬಲಭಾಗದಲ್ಲಿ ಅಂಗೈಯಗಲ ಜಾಗ ಖಾಲಿ ಉಳಿಯಿತು. ಅವರು ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ ಗೋಡೆಯ ಮೇಲಿನ ನಕ್ಷೆಯ ಹತ್ತಿರ ಕುರ್ಚಿ ಎಳೆಸಿಕೊಂಡು, ಅವಳ ಲೋಟಗಳ ಸಾಲಿನ ಮೇಲೆ ಊರುಗೋಲಿನ ತುದಿ ಆಡಿಸುತ್ತ ಹೋಗಿ, ಸಾಲು ಮುಗಿಯುವಲ್ಲಿ ನಿಲ್ಲಿಸಿದರು.

"ಇಲ್ಲಿಂದಾಚೆ?"

"ಅಲ್ಲಿಗೆ ಹಾಕಿಲ್ಲ ಸರ್."

"ಯಾಕೆ?"

ಅವಳು ನಕ್ಷೆ ನೋಡಿದಳು. ಅಲ್ಲಿಯವರೆಗೆ ಬಂದು ನಿಂತಿದ್ದದ್ದು ಒಂದು ಕೆಂಪು ಗೆರೆ. ರಸ್ತೆ. ಜೀಪು ಬಿಟ್ಟು ಒಂದು ಬೆಳಗಿನಲ್ಲಿ ನಡೆದು ಬರಬಹುದಾದಷ್ಟು ದೂರಕ್ಕೆ ಅವಳ ಲೋಟಗಳೂ ಮುಗಿದಿದ್ದವು.

"ನನಗೆ ಹೇಸರಗತ್ತೆ ನಿಂತಲ್ಲಿ ಬೆಟ್ಟ ಮುಗೀತು," ಎಂದರು ಮೇಷ್ಟ್ರು. ಅವರ ಮೀಸೆಯ ಒಂದು ತುದಿ ಅಲುಗಿತು. "ನಿನಗೆ ಜೀಪು ನಿಂತಲ್ಲಿ."

ಮಾರನೆಯ ದಿನ ಪ್ಲಾಸ್ಟಿಕ್ ಅಂಗಡಿಯವನು ಗಲ್ಲಾ ಬಿಟ್ಟು ಎದ್ದುಬಂದ. ಈ ವರ್ಷದ ಮದುವೆ ಮುಗಿದಿತ್ತಲ್ಲ ಮೇಡಂ ಎಂದು ಆಶ್ಚರ್ಯಪಟ್ಟ. ಮುಗಿದಿದೆ, ಬೀಗರ ಕಡೆಯವರನ್ನು ಕರೆಯುವುದೇ ಮರೆತುಹೋಗಿತ್ತು ಎಂದು ಲೋಟದಕ್ಕ ಎರಡು ಚೀಲ ಮುಂದೆ ಚಾಚಿದಳು. ಬೀದಿಯಲ್ಲಿ ಜೀಪು ನಿಂತಿತ್ತು. ಮುಂದಿನ ಸೀಟಿನಲ್ಲಿ, ಬಿಳಿಯ ದಿಂಬಿನ ಮೇಲೆ ಕಾಲು ನೀಡಿಕೊಂಡು, ಮೇಷ್ಟ್ರು ಡ್ರೈವರ್‌ಗೆ ದಾರಿ ಹೇಳತೊಡಗಿದ್ದರು.